ಸೊಸೆಯ ಹೆಸರಿನ ಅಂಗಡಿ

ಈ ಸಂಗತಿಯನ್ನು ನ್ಯಾಮತಿಯವರು ಸೊಸೆಯಿಂದ ಆರಂಭಿಸಿ ಹೇಳುತ್ತಾರೆ. ಬಿಳಿಚೋಡಿನವರು ಮಾವನಿಂದ ಆರಂಭಿಸುತ್ತಾರೆ. ಎರಡೂ ಊರುಗಳಲ್ಲಿ ಕೇಳಿದ್ದನ್ನು ಎದುರುಬದುರು ಇಟ್ಟು, ಮಾತು ಕೂಡುವ ಕಡೆ ಹೇಳಿದವರ ಮಾತನ್ನೇ ಉಳಿಸಿದೆ. ಕೂಡದ ಒಂದು ಕಡೆ ಅದನ್ನು ಮರೆಮಾಚಿಲ್ಲ. ಮಾವನಿಂದ ಹೊರಡುವುದೇ ಸರಿ, ಏಕೆಂದರೆ ಅಂಗಡಿಯ ಪದ್ಧತಿ ಅವನದು.

ಮುರುಗೇಶಪ್ಪ ಸಂತೇಬೆನ್ನೂರಿನ ಸಂತೆಯಲ್ಲಿ ಮೂವತ್ತು ವರ್ಷ ದನದ ದಲ್ಲಾಳಿಯಾಗಿದ್ದವನು. ಎತ್ತಿನ ಬೆಲೆಯನ್ನು ಬಾಯಿಬಿಟ್ಟು ಹೇಳುವುದು ಆ ಕಸುಬಿನಲ್ಲಿ ಇಲ್ಲ. ಕೊಳ್ಳುವವನ ಕೈಯನ್ನು ಟವೆಲ್ಲಿನ ಮರೆಯಲ್ಲಿ ಹಿಡಿದು, ಬೆರಳುಗಳನ್ನು ಅದುಮಿ ಬೆಲೆ ತಿಳಿಸಬೇಕು. ಪಕ್ಕದಲ್ಲಿ ನಿಂತವನಿಗೂ ಗೊತ್ತಾಗಬಾರದು. ಮಂಡಿನೋವಿನಿಂದ ಕಾಲು ಸೋತು ಸಂತೆ ಬಿಟ್ಟ ಮೇಲೆ, ಮಗ ಗುರುಬಸವರಾಜನ ಜೊತೆ ನ್ಯಾಮತಿಯ ಬಸ್‌ಸ್ಟ್ಯಾಂಡಿನ ಹತ್ತಿರ ಬಣ್ಣದ ಮೀನು ಮತ್ತು ಲವ್‌ಬರ್ಡ್ಸ್ ಮಾರುವ ಅಂಗಡಿ ಹಾಕಿದ. ಅಲ್ಲಿಯೂ ಟವೆಲ್ ಅವನ ಹೆಗಲಿನಿಂದ ಇಳಿಯಲಿಲ್ಲ. ಕಾಲೇಜು ಹುಡುಗರ ಕೈಯನ್ನೂ ಅದರ ಕೆಳಗೆ ಎಳೆದುಕೊಳ್ಳುತ್ತಿದ್ದ.

"ಅಜ್ಜಾ, ಬಿಡ್ರಿ, ಕಚಗುಳಿ ಆಗ್ತೈತೆ. ಬಾಯಾಗೆ ಹೇಳ್ರಿ," ಎಂದು ಅವರು ನಕ್ಕರೆ, "ಜೀವ ಇರೋದಕ್ಕೆ ಬಾಯಾಗೆ ಬೆಲೆ ಕಟ್ಟಬಾರ್ದು ಕಣ್ರಪ್ಪ," ಎನ್ನುತ್ತಿದ್ದ. ಇದನ್ನು ನೋಡಲೆಂದೇ ಬರುವವರಿದ್ದರು.

ಸೊಸೆ ಮೇಘಶ್ರೀ ಬಿಳಿಚೋಡಿನ ಹೆಣ್ಣುಮಗಳು. ದಾವಣಗೆರೆಗೆ ಬಸ್ಸಿನಲ್ಲಿ ಓಡಾಡಿ ಬಿ.ಕಾಂ. ಮುಗಿಸಿದವಳು. ಮದುವೆಯಾಗಿ ನಾಲ್ಕನೆಯ ವರ್ಷ. ಅಂಗಡಿಗಳ ನೋಂದಣಿಯ ಗಲಾಟೆ ಬಂದಾಗ ಮನೆಯವರೆಲ್ಲ ಅವಳ ಕಡೆ ತಿರುಗಿದರು. ಹಕ್ಕಿ ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬೇಕು, ಯಾವ ಹಕ್ಕಿ ಎಲ್ಲಿಂದ ಬಂತು, ಯಾರಿಗೆ ಹೋಯಿತು ಎಂಬುದಕ್ಕೆ ವಹಿ ಇಡಬೇಕು. ಹೊರದೇಶದ ತಳಿಯಾದ ಲವ್‌ಬರ್ಡ್ಸ್ ಮಾರಲು ಅಡ್ಡಿಯಿಲ್ಲ. ನಮ್ಮ ಮರಗಳ ಗಿಳಿಯನ್ನು ಹಿಡಿಯುವುದು, ಮಾರುವುದು, ಸಾಕುವುದು ಎಲ್ಲವೂ ಅಪರಾಧ.

"ಆಸ್ಟ್ರೇಲಿಯಾದ್ದು ಮಾರಬೌದಂತೆ, ನಮ್ಮ ಹುಣಸೆಮರದ್ದು ಮಾರಬಾರ್ದಂತೆ," ಎಂದು ಮುರುಗೇಶಪ್ಪ ಊಟದ ನಡುವೆ ನಕ್ಕ. "ಇರ್ಲಿ. ಸರ್ಕಾರ ಹೇಳ್ದಂಗೆ ಮಾಡೋಣ. ಸರ್ಟಿಫಿಕೇಟು ಮೇಘನ ಹೆಸರಿಗೇ ಮಾಡಿಸ್ರಿ. ಓದಿದ ಕೈ. ಆಫೀಸರ್ ಬಂದ್ರೆ ಮಾತಾಡಾಕೆ ಈ ಮನ್ಯಾಗೆ ಇನ್ಯಾರಿಗೆ ಬರ್ತೈತೆ?"

ಬಡಿಸಲು ಎತ್ತಿದ ರೊಟ್ಟಿ ಮೇಘಶ್ರೀಯ ಕೈಯಲ್ಲೇ ಉಳಿಯಿತು. "ಮಾವ, ನನ್ನ ಹೆಸರಿಗಾ?"

"ಮತ್ತೆ? ನೀನು ನಂಗೆ ಸೊಸೆಯಲ್ಲ, ಮಗಳು."

ಅತ್ತೆ ಪ್ರೇಮಮ್ಮ ಮಾತ್ರ ಶೇಂಗಾ ಚಟ್ನಿಯ ಬಟ್ಟಲನ್ನು ಗಂಡನ ಮುಂದೆ ಸ್ವಲ್ಪ ಜೋರಾಗಿಯೇ ಇಟ್ಟಳು.

ಪ್ರಮಾಣಪತ್ರ ಬಂತು, ಗಾಜು ಹಾಕಿಸಿ ಗೋಡೆಗೆ ಏರಿಸಿದರು. ಮೇಘಶ್ರೀ ಬೆಳಗಿನ ಅಡುಗೆ ಮುಗಿಸಿ, ಹತ್ತು ಗಂಟೆಗೆ ಅಂಗಡಿಗೆ ಬಂದು ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತುಕೊಳ್ಳುವಳು. ಅಲ್ಲಿಯ ಕೆಲಸಕ್ಕೆ ಒಂದು ಕ್ರಮವಿತ್ತು. ಮುರುಗೇಶಪ್ಪ ಟವೆಲ್ಲಿನ ಕೆಳಗೆ ವ್ಯಾಪಾರ ಮುಗಿಸಿ ಸೊಸೆಯ ಕಡೆ ಒಂದು ಬೆರಳು ಎತ್ತಿದರೆ ಒಂದು ಜೋಡಿ ಲವ್‌ಬರ್ಡ್ಸ್ ಎಂದರ್ಥ. ಅವಳು ಕೊಂಡವನ ಹೆಸರು ಕೇಳಿ ವಹಿಗೆ ಬರೆದು, ಪಕ್ಕದ ಹಲಗೆಯ ಮೇಲಿಂದ ರಟ್ಟಿನ ಡಬ್ಬಿ ತೆಗೆದುಕೊಡಬೇಕು. ತೂತು ಹೊಡೆದು, ದಾರ ಬಿಗಿದ ಆ ಡಬ್ಬಿಗಳನ್ನು ಗುರುಬಸವರಾಜ ಬೆಳಿಗ್ಗೆಯೇ ಸಿದ್ಧಮಾಡಿ ಇಡುತ್ತಿದ್ದ. ಕೆಲವಕ್ಕೆ ಕಪ್ಪು ದಾರ, ಕೆಲವಕ್ಕೆ ಬಿಳಿ ದಾರ. ಮಾವ ಬೆರಳೆತ್ತಿದ ಮೇಲೆ ಟವೆಲ್ಲಿನ ಅಂಚು ಜಗ್ಗಿದರೆ ಕಪ್ಪು ದಾರದ್ದು.

"ಕಪ್ಪು ದಾರದ್ದು ಯಾಕೆ ಬ್ಯಾರೆ?" ಎಂದು ಅವಳು ಒಮ್ಮೆ ಕೇಳಿದ್ದಳು.

"ಒಳ್ಳೆ ತಳಿ," ಎಂದಿದ್ದ ಗಂಡ.

ಹಿಂದಿನ ಕೋಣೆಗೆ ಬೀಗವಿತ್ತು. ಮೀನಿನ ಔಷಧಿ, ವಿಷದ್ದು, ಕೈ ಹಾಕಬೇಡ ಎಂದಿದ್ದ. ಅವಳು ಕೈ ಹಾಕಲಿಲ್ಲ. ಮೀನಿನ ತೊಟ್ಟಿಯ ಮೋಟಾರುಗಳ ಗೊರಗೊರ ಸದ್ದು, ಎಂಬತ್ತು ಲವ್‌ಬರ್ಡ್ಸ್‌ಗಳ ಚಿಲಿಪಿಲಿ ತುಂಬಿದ ಅಂಗಡಿಯಲ್ಲಿ ಒಳಕೋಣೆಯ ದನಿಯಾಗಲಿ ಡಬ್ಬಿಯೊಳಗಿನ ದನಿಯಾಗಲಿ ಯಾರಿಗೂ ಕೇಳುವಂತಿರಲಿಲ್ಲ.

ಪುಷ್ಯ ಮಾಸ ಹಿಡಿಯುವ ಹೊತ್ತಿಗೆ ತವರಿನಿಂದ ತಮ್ಮ ಸಿದ್ದಲಿಂಗೇಶ್ ಹದಿನೈದು ದಿನಕ್ಕೊಮ್ಮೆ ಬೈಕಿನಲ್ಲಿ ಬರತೊಡಗಿದ. ನವಣೆ, ಹುಣಸೆಹಣ್ಣು, ಅವ್ವ ಕಾಸಿದ ತುಪ್ಪ. ಮೊದಲು ಅಂಗಡಿಗೆ ಹೋಗಿ ಅಕ್ಕನ ಮಾವನನ್ನು ಮಾತಾಡಿಸಿ ಆಮೇಲೆ ಮನೆಗೆ ಬರುವನು.

"ನೋಡ್ರೀ ಅತ್ತೆ, ನಮ್ಮ ತಮ್ಮಗೆ ಅಕ್ಕನ ಮ್ಯಾಲೆ ಎಷ್ಟು ಜೀವ," ಎಂದು ಮೇಘಶ್ರೀ ನವಣೆ ಅನ್ನಕ್ಕೆ ನೀರಿಡುತ್ತಿದ್ದಳು.

"ಹ್ಞೂಂ," ಎನ್ನುತ್ತಿದ್ದಳು ಪ್ರೇಮಮ್ಮ, ಬೇರೆಡೆ ನೋಡುತ್ತ.

ಶಿವರಾತ್ರಿ ಕಳೆದ ಮೂರನೆಯ ದಿನ, ಬೆಳಿಗ್ಗೆ ಹನ್ನೊಂದಕ್ಕೆ, ಅಡ್ಡಗೀರಿನ ಅಂಗಿ ತೊಟ್ಟ ಮನುಷ್ಯನೊಬ್ಬ ಬಂದ. ಹೊನ್ನಾಳಿಯಲ್ಲಿ ಒಬ್ಬರು ಹೇಳಿ ಕಳಿಸಿದರು ಎಂದು ಮುರುಗೇಶಪ್ಪನ ಕಿವಿಯ ಹತ್ತಿರ ಬಗ್ಗಿದ. ಕೈ ಟವೆಲ್ಲಿನ ಕೆಳಗೆ ಹೋಯಿತು.

"ಬೆರಳು ನಂಗೆ ತಿಳಿಯಲ್ಲ ಯಜಮಾನ್ರೇ. ಬಾಯಾಗೆ ಹೇಳ್ರಿ, ಎಷ್ಟು?"

ಮುರುಗೇಶಪ್ಪ ಮತ್ತೆ, ಈ ಸಲ ಎರಡು ಬೆರಳು ಪೂರ್ತಿ, ಮೂರನೆಯದು ಅರ್ಧ ಎಂದು ಎಣಿಸಿದ ಹಾಗೆ, ಅದುಮಿದ.

"ಎರಡೂವರೆ ಸಾವಿರಾನಾ? ಒಂದಕ್ಕೇನಾ?" ಆ ಮನುಷ್ಯ ಅಗತ್ಯಕ್ಕಿಂತ ಜೋರಾಗಿ ಕೇಳಿದ. ಮುರುಗೇಶಪ್ಪ ತುಟಿ ಬಿಚ್ಚದೆ ತಲೆಯಾಡಿಸಿದ. ಸೊಸೆಯ ಕಡೆ ಒಂದು ಬೆರಳೆತ್ತಿ ಟವೆಲ್ಲಿನ ಅಂಚು ಜಗ್ಗಿದ. ಎರಡೂವರೆ ಸಾವಿರ ಎಂಬ ಮಾತು ಮೇಘಶ್ರೀಯ ಕಿವಿಗೆ ಬಿದ್ದಿತ್ತು. ಒಳ್ಳೆ ತಳಿಯೆಂದರೂ ಇಷ್ಟೇಕೆ ಎಂದುಕೊಂಡಳು. ಆದರೆ ಪೆನ್ನು ಆಗಲೇ ಕೈಯಲ್ಲಿತ್ತು.

"ಹೆಸರು ಹೇಳ್ರಿ ಅಣ್ಣಾ, ಬರ್ಕೋತೀನಿ."

"ಭೀಮೇಶ್."

ಲವ್‌ಬರ್ಡ್ಸ್, ಒಂದು ಜೋಡಿ ಎಂದು ಬರೆದು ಕಪ್ಪು ದಾರದ ಡಬ್ಬಿ ಅವನ ಕೈಗಿಟ್ಟಳು. ಹತ್ತು ನಿಮಿಷದಲ್ಲಿ ಭೀಮೇಶ್ ಮರಳಿ ಬಂದ. ಜೊತೆಗೆ ಖಾಕಿ ತೊಟ್ಟ ಇಬ್ಬರಿದ್ದರು. ಭೀಮೇಶ್ ಹೊನ್ನಾಳಿಯ ಉಪವಲಯ ಅರಣ್ಯಾಧಿಕಾರಿ. ಡಬ್ಬಿಯನ್ನು ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟು ದಾರ ಬಿಚ್ಚಿದ. ಪುಕ್ಕ ಇನ್ನೂ ಪೂರ್ತಿ ಮೂಡದ ಗಿಳಿಮರಿ ಬಾಯಿ ತೆರೆದು ಗರಗಸ ಎಳೆದ ಹಾಗೆ ಕೂಗಿತು.

"ಈ ಅಂಗಡಿ ಯಾರ್ದು?"

ಗುರುಬಸವರಾಜ ಮೀನಿನ ತೊಟ್ಟಿಯಿಂದ ಒದ್ದೆ ಕೈ ತೆಗೆದು ಗೋಡೆಯ ಕಡೆ ತೋರಿಸಿದ. "ಸರ್ಟಿಫಿಕೇಟು ಅವಳ ಹೆಸರಾಗೈತೆ ಸಾರ್. ನಾವು ಸುಮ್ನೆ ಕೆಲಸ ಮಾಡ್ತೀವಿ."

"ಆ ಹಿಂದಿನ ರೂಮಿನ ಕೀ?"

ಗುರುಬಸವರಾಜ ಎರಡು ಹೆಜ್ಜೆ ಬಂದ. ಗಲ್ಲಾಪೆಟ್ಟಿಗೆಯ ಡ್ರಾಯರ್ ಎಳೆಯುವ ನೆಪದಲ್ಲಿ ತನ್ನ ಜೇಬಿನ ಬೀಗದ ಕೈಯನ್ನು ಅದರೊಳಗೆ ಬಿಟ್ಟ. ಮತ್ತೆ ಅದನ್ನೇ ಅಲ್ಲಿಂದ ಎತ್ತಿಕೊಟ್ಟ. "ಅವಳ ಡ್ರಾಯರ್‌ನಾಗೇ ಇರ್ತೈತೆ ಸಾರ್."

ಮೇಘಶ್ರೀ ಅದನ್ನು ಕಣ್ಣಾರೆ ಕಂಡಳು. ಗಂಡನೂ ಅವಳು ಕಂಡಿದ್ದನ್ನು ಕಂಡ. ಒಳಕೋಣೆಯಲ್ಲಿ ಇನ್ನೂ ಒಂಬತ್ತು ಮರಿಗಳಿದ್ದವು.

ಭೀಮೇಶ್ ತನ್ನ ಫೋನಿನಲ್ಲಿ ಹಿಡಿದುಕೊಂಡಿದ್ದ ಧ್ವನಿಯನ್ನು, ಸಾಕ್ಷಿಗೆಂದು ಕರೆಸಿದ ಪಂಚರ ಎದುರಿಗೆ ಕೇಳಿಸಿದ. ಅದರಲ್ಲಿ ಅವನ ದನಿಯಿತ್ತು, ಹಕ್ಕಿಗಳ ದನಿಯಿತ್ತು, ಕೊನೆಗೆ ಸ್ಪಷ್ಟವಾಗಿ ಹೆಣ್ಣುದನಿ: "ಹೆಸರು ಹೇಳ್ರಿ ಅಣ್ಣಾ, ಬರ್ಕೋತೀನಿ." ಮುರುಗೇಶಪ್ಪನ ಒಂದು ಅಕ್ಷರವೂ ಅದರಲ್ಲಿರಲಿಲ್ಲ. ವಹಿಯಲ್ಲಿ ಕಾಣುವುದು ಸೊಸೆಯ ಅಕ್ಷರ. ಡಬ್ಬಿ ಕೊಟ್ಟದ್ದು ಸೊಸೆಯ ಕೈ.

"ನಾನು ಕಣ್ಣಲ್ಲಿ ನೋಡಿದ್ದು ಬೇರೆ, ಕಾಗದ ಹೇಳೋದು ಬೇರೆ," ಎಂದ ಭೀಮೇಶ್. "ಹದಿನೈದು ದಿನದೊಳಗೆ ಹೊನ್ನಾಳಿಗೆ ಬಂದು ಹೇಳಿಕೆ ಕೊಡಿ ಅಮ್ಮ. ನೀವೇ ಮಾರಿದ್ದು ಅಂದ್ರೆ ಕೇಸು ನಿಮ್ಮೊಬ್ಬರ ಮೇಲೆ. ಇನ್ಯಾರಾದ್ರೂ ಇದ್ರೆ ಯಾರು ಅಂತ ಹೇಳಿ. ಇದು ಜೈಲು ಇರೋ ಕಾಯ್ದೆ, ನೆನಪಿರಲಿ."

ಅಂಗಡಿಗೆ ಬೀಗ ಬಿತ್ತು. ಆ ಮಧ್ಯಾಹ್ನ ಮನೆಯಲ್ಲಿ ಮುದ್ದೆ ತಣ್ಣಗಾಯಿತು. ಮೊದಲು ಮಾತಾಡಿದವನು ಗುರುಬಸವರಾಜ.

"ಹೆಣ್ಣುಮಗಳು ಅಂದ್ರೆ ದಂಡ ಕಟ್ಟಿಸ್ಕೊಂಡು ಬಿಡ್ತಾರೆ. ನೀನ್ಯಾಕೆ ಹೆದರ್ತೀಯ?"

"ಹಂಗಾದ್ರೆ ನೀವೇ ಹೋಗ್ರಿ."

"ನಾನು ಹೋದ್ರೆ ಗಂಡಸು ಅಂತ ಒಳಗೆ ಹಾಕ್ತಾರೆ."

"ಬೀಗದ ಕೈ ಯಾರ ಜೇಬಿನಾಗಿತ್ತು ರೀ?"

"ಅದನ್ನೇ ಹಿಡ್ಕೊಂಡು ಕುಂತ್ಯಲ್ಲ! ಕೈ ತಪ್ಪಿ ಬಿತ್ತು."

"ಕೈ ತಪ್ಪಿದ್ರೆ ನೆಲಕ್ಕೆ ಬೀಳ್ತೈತೆ. ನನ್ನ ಡ್ರಾಯರ್‌ನಾಗೆ ಬೀಳಲ್ಲ."

ಮುರುಗೇಶಪ್ಪ ನಡುವೆ ಬಂದ. "ತಾಯಿ, ನಂಗೆ ಅರವತ್ತೆಂಟು. ಈ ಮಂಡಿ ಇಟ್ಕೊಂಡು ಜೈಲಿನಾಗೆ ಹೆಂಗೆ ಕುಂದ್ರಲಿ? ನೀನು ಒಂದು ಮಾತು ಅಂದ್ರೆ ಮನೆ ಉಳಿತೈತೆ."

"ನೀವೂ ಒಂದು ಮಾತು ಅನ್ನಬೌದಿತ್ತು ಮಾವ. ಅಲ್ಲಿ, ಅವರ ಮುಂದೆ."

ಅವನು ಟವೆಲ್ಲಿನಿಂದ ಮುಖ ಒರೆಸಿಕೊಂಡು ಎದ್ದುಹೋದ.

ಮೊದಲ ವಾರ ಮನೆಯಲ್ಲಿ ಎಂದೂ ಇಲ್ಲದ ಉಪಚಾರ. ಮಾವ ಪೇಟೆಯಿಂದ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದು ಮೊದಲು ಸೊಸೆಯ ಮುಂದೆ ಇಡುವನು. ಗಂಡ ತಾನೇ ನೀರು ಸೇದಿ ಹಂಡೆ ತುಂಬುವನು. ನಾದಿನಿ ವಾಣಿಶ್ರೀ ಚನ್ನಗಿರಿಯಿಂದ ಫೋನು ಮಾಡಿ, "ಅತ್ತಿಗೆ, ನೀವು ಬಾಳ ದೊಡ್ಡ ಮನಸ್ಸಿನೋರು ಅಂತ ನಮ್ಮನ್ಯಾಗೆಲ್ಲ ಹೇಳೀನಿ," ಎಂದಳು.

"ಇನ್ನೂ ಏನೂ ಒಪ್ಕೊಂಡಿಲ್ಲ ವಾಣಿ."

"ಒಪ್ಕೋತೀರಿ ಬಿಡ್ರಿ, ನಂಗೆ ಗೊತ್ತು."

ಎಂಟನೆಯ ದಿನ ಅತ್ತೆ ಸೊಸೆ ಜಗಲಿಯಲ್ಲಿ ಶೇಂಗಾ ಒಡೆಯುತ್ತ ಕುಳಿತಿದ್ದರು. ಮೇಘಶ್ರೀ ತಲೆಯೆತ್ತದೆ ಕೇಳಿದಳು: "ಅತ್ತೆ, ನಿಮಗೆ ಗೊತ್ತಿತ್ತಾ?"

ಪ್ರೇಮಮ್ಮ ಇನ್ನೂ ನಾಲ್ಕು ಕಾಯಿ ಒಡೆದಳು. ಆಮೇಲೆ ಅವಳ ಮಾತು ಸೊಸೆಯ ಮೇಲಲ್ಲ, ಗಂಡನ ಮೇಲೆ ಹರಿಯಿತು.

"ನಾನು ಅವತ್ತೇ ಬಡ್ಕೊಂಡೆ. ನೀನು ಬರಾಕೆ ಮುಂಚೆ ಒಂದ್ಸಲ ಸಿಕ್ಕಿಬಿದ್ದಿದ್ರು, ಇದೇ ಗಿಣಿ ಯಾಪಾರದಾಗೆ. ಇನ್ನೊಂದ್ಸಲ ಮಾಡಲ್ಲ ಅಂತ ಬರಕೊಟ್ಟು ಬಂದ್ರು. ಮತ್ತೆ ಸಿಕ್ಕರೆ ಬಿಡಲ್ಲ ಅಂದಿದ್ರಂತೆ ಫಾರೆಸ್ಟಿನೋರು. ಅದಕ್ಕೇ ಅಲ್ವಾ ನಿನ್ನ ಹೆಸರು ಹಾಕಿದ್ದು? ಪರರ ಮನೆ ಕೂಸಿನ ಹೆಸರು ಬ್ಯಾಡ, ನನ್ನ ಹೆಸರು ಹಾಕ್ರಿ ಅಂದೆ. ನೀನು ಹೆಬ್ಬೆಟ್ಟು, ಯಾರು ನಂಬ್ತಾರೆ ಅಂದ್ರು."

ಮೇಘಶ್ರೀ ಮೊರವನ್ನು ಕೆಳಗಿಟ್ಟಳು. ಮಾವ ಒಳಗೆ ಲಿಂಗಪೂಜೆ ಮುಗಿಸಿ ವಿಭೂತಿಯ ಹಣೆಯಲ್ಲಿ ಹೊರಬರುವವರೆಗೆ ಬಾಗಿಲಲ್ಲಿ ಕಾದು ನಿಂತಳು.

"ಮಾವ, ನನ್ನ ಹೆಸರು ಹಾಕಿಸಿದ್ದು ನಾನು ಓದಿದೋಳು ಅಂತ ಅಲ್ವಾ?"

ಮುರುಗೇಶಪ್ಪ ಹೆಂಡತಿಯ ಕಡೆ ನೋಡಿದ. ಪ್ರೇಮಮ್ಮ ಶೇಂಗಾ ಸಿಪ್ಪೆಯನ್ನು ಅಂಗಳಕ್ಕೆ ತೂರುತ್ತಿದ್ದಳು.

"ಓದಿದೋಳು ಅಂತಾನೂ ಹೌದು," ಎಂದ.

ಅವಳು ಅಂದೇ ಎರಡು ಸೀರೆ ಚೀಲಕ್ಕೆ ಹಾಕಿಕೊಂಡು ಹೊರಟಳು. ಗುರುಬಸವರಾಜ ಬಸ್‌ಸ್ಟ್ಯಾಂಡಿನವರೆಗೂ ಹಿಂದೆ ಬಂದ. "ತವರಿಗೆ ಹೋಗಿ ನಮ್ಮ ಮನೆ ಮಾನ ಹರಾಜು ಹಾಕ್ತೀಯಾ?" ಎಂದ. "ಅಲ್ಲಿ ಹೋಗಿ ನೋಡು, ಗೊತ್ತಾಗ್ತೈತೆ," ಎಂದೂ ಅಂದನಂತೆ. ಆ ಮಾತಿನ ಅರ್ಥ ಬಸ್ಸು ಹೊನ್ನಾಳಿ, ದಾವಣಗೆರೆ ದಾಟಿದರೂ ಅವಳಿಗೆ ಹೊಳೆಯಲಿಲ್ಲ.

ಬಿಳಿಚೋಡಿನಲ್ಲಿ ಇಳಿದು ಮನೆಯ ಹಿತ್ತಿಲ ಬಾಗಿಲಿನಿಂದ ಒಳಗೆ ಬಂದಾಗ ಬಿಸಿಲು ಇನ್ನೂ ಇಳಿದಿರಲಿಲ್ಲ. ತಾಯಿ ಸಿದ್ದಲಿಂಗಮ್ಮ ಒಂದು ಬಿದಿರಿನ ಮಂಕರಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು, ನೆನೆಸಿದ ಕಡಲೆಯನ್ನು ಅಗಿದು ಮೆತ್ತಗೆ ಮಾಡಿ ಬೆರಳಿನಿಂದ ತಿನ್ನಿಸುತ್ತಿದ್ದಳು. ಮಂಕರಿಯೊಳಗಿಂದ ಗರಗಸ ಎಳೆದ ಹಾಗೆ ನಾಲ್ಕು ದನಿಗಳು ಒಟ್ಟಿಗೆ ಎದ್ದವು. ಮೇಘಶ್ರೀಗೆ ಆ ದನಿ ಯಾವುದೆಂದು ಯಾರೂ ಹೇಳಬೇಕಾಗಿರಲಿಲ್ಲ.

"ಅವ್ವಾ."

ಸಿದ್ದಲಿಂಗಮ್ಮ ಬೆಚ್ಚಿ ಸೆರಗಿನಿಂದ ಮಂಕರಿ ಮುಚ್ಚಿದಳು. "ಯಾವಾಗ ಬಂದೆ? ಫೋನಾದ್ರೂ ಮಾಡಬಾರ್ದಾ?"

"ನಮ್ಮ ಅಂಗಡಿಗೆ ಗಿಣಿ ಇಲ್ಲಿಂದ ಬರ್ತಿದ್ವಾ?"

"ನಿಮ್ಮ ಮಾವಾರೇ ಕೇಳಿದ್ದು ಕಣವ್ವ. ನಿನ್ನ ತಮ್ಮ ಮರ ಹತ್ತೋದ್ರಾಗೆ ಚುರುಕು. ನಿನ್ನ ಅಂಗಡಿಗೇ ಅಲ್ವಾ ಹೋಗೋದು, ನಿಂಗೇ ಒಳ್ಳೇದಾಗ್ಲಿ ಅಂತ..."

"ನವಣೆ, ತುಪ್ಪ ಎಲ್ಲಾ ಬರೀ ನೆಪಾನಾ?"

ತಾಯಿ ಸೆರಗನ್ನು ಮಂಕರಿಯ ಮೇಲೆ ಇನ್ನಷ್ಟು ಎಳೆದಳು. ಅಷ್ಟರಲ್ಲಿ ಸಿದ್ದಲಿಂಗೇಶ್ ಬೈಕು ನಿಲ್ಲಿಸಿ ಬಂದ. ಅಕ್ಕನನ್ನು, ಮಂಕರಿಯನ್ನು, ಅವ್ವನನ್ನು ನೋಡಿ ಅಲ್ಲೇ ನಿಂತ.

"ಅಕ್ಕಗೆ ಎಲ್ಲಾ ಗೊತ್ತು ಅಂತ ಮಾವಾರು ಹೇಳಿದ್ರು," ಎಂದ.

"ನಾನು ನವಣೆ ಅಳೆಯುವಾಗ ನೀನು ಎದುರಿಗೇ ಕುಂತಿರ್ತಿದ್ದೆ. ಒಂದ್ಸಲನಾದ್ರೂ ಬಾಯಿ ಬಿಟ್ಟು ಕೇಳಿದ್ಯಾ?"

"ಗೊತ್ತಿರೋದನ್ನ ಏನು ಕೇಳೋದು ಅಂತ..."

"ನಂಗೆ ಗೊತ್ತಿಲ್ಲ ಅಂತ ನಿಂಗೆ ಗೊತ್ತಿತ್ತಾ, ಇಲ್ವಾ?"

ಅವನು ಏನೆಂದ ಎಂಬ ಈ ಒಂದು ಕಡೆ ಎರಡು ಊರುಗಳ ಮಾತು ಕೂಡುವುದಿಲ್ಲ. ಬಿಳಿಚೋಡಿನವರ ಪ್ರಕಾರ ಅವನು ಗೊತ್ತಿರಲಿಲ್ಲ ಎಂದು ಅಕ್ಕನ ಕಾಲು ಹಿಡಿದ. ನ್ಯಾಮತಿಯವರ ಪ್ರಕಾರ ತಲೆ ತಗ್ಗಿಸಿ ಸುಮ್ಮನೆ ನಿಂತ. ತಾಯಿ ಮಾತ್ರ ಎರಡೂ ಕಡೆಯ ಹೇಳಿಕೆಯಲ್ಲಿ ಒಂದೇ ಮಾತು ಆಡಿದ್ದಾಳೆ:

"ಅವನಿಗೆ ಹೆಣ್ಣು ಗೊತ್ತಾಗೈತೆ ಮೇಘಾ. ಯುಗಾದಿ ಕಳೆದ ಮ್ಯಾಲೆ ಲಗ್ನ. ಕೇಸು ಗೀಸು ಅಂದ್ರೆ ಯಾರು ಕೊಡ್ತಾರೆ? ನಿಂಗೇನು, ಲಗ್ನ ಆಗಿ ಸೇರ್ಕೊಂಡಿದೀಯ. ಒಂದು ಸೈನ್ ಹಾಕಿ ಬಾ."

"ಅವ್ರು ಮನೆ ಉಳಿಸು ಅಂದ್ರು. ನೀನು ಮಗನ್ನ ಉಳಿಸು ಅಂತೀಯ. ನನ್ನ ಯಾರು ಉಳಿಸ್ತಾರೆ ಅವ್ವ?"

"ನೀನು ಹಂಗೆಲ್ಲ ಹಠ ಮಾಡೋ ಹುಡುಗಿ ಆಗಿರಲಿಲ್ಲ."

ಮೇಘಶ್ರೀ ತವರಿನಲ್ಲಿ ಐದು ದಿನ ಉಳಿದಳು. ತಾಯಿ ಬೆಳಿಗ್ಗೆ ರೊಟ್ಟಿ, ಮಧ್ಯಾಹ್ನ ನವಣೆ ಅನ್ನ ಬಡಿಸಿದಳು. ಮಗಳು ರೊಟ್ಟಿ ತಿಂದಳು, ನವಣೆಯನ್ನು ಮುಟ್ಟಲಿಲ್ಲ. ಮನೆಯಲ್ಲಿ ಮರಿಗಳಿಗೆ ತಿನ್ನಿಸುವ ಕೈ ಮಾತ್ರ ಬದಲಾಯಿತು. ದಿನಕ್ಕೆ ನಾಲ್ಕು ಸಲ ಅವಳೇ ಕಡಲೆ ರುಬ್ಬಿ ಬಾಯಿಗಿಡುತ್ತಿದ್ದಳು. ನಾಲ್ಕನೆಯ ದಿನ ಗುರುಬಸವರಾಜನ ಫೋನು ಬಂತು.

"ನೋಡಿದ್ಯಾ ನಿನ್ನ ತವರು? ಈಗ ಹೇಳು, ನಾವೊಬ್ರೇ ಕೆಟ್ಟೋರಾ?"

"ಇಲ್ರೀ. ನೀವೊಬ್ರೇ ಅಲ್ಲ."

"ಹಂಗಾದ್ರೆ ನಾಳೆ ಹೊನ್ನಾಳಿಗೆ ಹೋಗಿ ಮುಗಿಸ್ಕೊಂಡು ಬಾ. ಅಪ್ಪ ಒಬ್ಬಟ್ಟು ಮಾಡಾಕೆ ಹೇಳ್ಯಾನೆ."

ಅವಳು ಆಗಲಿ ಎಂದಳು. ಎರಡೂ ಮನೆಯವರು ಒಪ್ಪಿಕೊಂಡಳೆಂದೇ ತಿಳಿದರು. ಮಾರನೆಯ ಬೆಳಿಗ್ಗೆ ಅವಳು ಮಂಕರಿಗೆ ಹಳೆಯ ಸೀರೆಯ ತುಂಡು ಕಟ್ಟಿ ಬಸ್ಸು ಹತ್ತಿದಳು. ಸಿದ್ದಲಿಂಗಮ್ಮ ಊರ ಅಗಸೆಬಾಗಿಲವರೆಗೂ ಓಡಿಬಂದು, "ಅದನ್ಯಾಕೆ ಒಯ್ತೀಯ? ಅದನ್ನಾದ್ರೂ ಬಿಟ್ಟುಹೋಗು," ಎಂದು ಕೂಗುತ್ತಿದ್ದುದನ್ನು ಬಸ್ಸಿನಲ್ಲಿದ್ದವರೆಲ್ಲ ಕೇಳಿದ್ದಾರೆ. ಪಕ್ಕದಲ್ಲಿ ಕುಳಿತ ಹೆಂಗಸು, "ಏನವ್ವ ಬುಟ್ಯಾಗೆ, ಹಂಗೆ ಒದರ್ತಾವೆ?" ಎಂದು ಕೇಳಿದಳು.

"ತವರಿನ ಉಡುಗೊರೆ."

"ಅಯ್ಯೋ, ನಮ್ಮ ತವರಿನೋರು ಒಂದು ಸೌತೆಕಾಯಿನೂ ಕೊಡಲ್ಲ ನೋಡು. ಪುಣ್ಯವಂತೆ ನೀನು," ಎಂದಳು ಆ ಹೆಂಗಸು.

ಹೊನ್ನಾಳಿಯ ಅರಣ್ಯ ಕಚೇರಿಯಲ್ಲಿ ಭೀಮೇಶ್ ಮಂಕರಿಯ ಬಟ್ಟೆ ಬಿಚ್ಚಿ ನೋಡಿ, ಸಿಬ್ಬಂದಿಯನ್ನು ಕರೆದು ಮರಿಗಳನ್ನು ಒಳಗೆ ಕಳಿಸಿದ. ಆಮೇಲೆ ಕಾಗದ ಎಳೆದುಕೊಂಡ.

"ಹೇಳಿ ಅಮ್ಮ. ಮರಿಗಳನ್ನ ಹಿಡಿದು ತಂದೋರು?"

"ಸಿದ್ದಲಿಂಗೇಶ್."

"ನಿಮಗೆ ಏನಾಗಬೇಕು?"

"ತಮ್ಮ."

"ಮಾರಾಟ ಮಾಡ್ತಿದ್ದೋರು?"

"ಮುರುಗೇಶಪ್ಪ. ಮಾವ. ಇದಕ್ಕೆ ಮುಂಚೆಯೂ ಒಂದ್ಸಲ ನಿಮಗೆ ಬರಕೊಟ್ಟಾರಂತೆ. ಹಳೇ ಕಾಗದ ತೆಗೆಸಿ ನೋಡ್ರಿ."

"ಡಬ್ಬಿ ಕಟ್ಟಿ ಇಡ್ತಿದ್ದೋರು?"

"ಗುರುಬಸವರಾಜ್. ಬೀಗದ ಕೈ ಅವರ ಜೇಬಿನಾಗಿತ್ತು, ನನ್ನ ಡ್ರಾಯರ್‌ನಾಗೆ ಅಲ್ಲ."

"ಸಂಬಂಧ?"

"ಗಂಡ."

"ಬುಕ್ ಬರೆದು, ಡಬ್ಬಿ ಕೈಗೆ ಕೊಟ್ಟೋರು?"

"ನಾನು. ಲವ್‌ಬರ್ಡ್ಸ್ ಅಂತ ಬರೆದಿದ್ದು ನನ್ನ ಅಕ್ಷರಾನೇ."

"ನೋಡಿ, ಗೊತ್ತಿರಲಿಲ್ಲ ಅಂತ ನೀವು ಹೇಳಿದ್ರೂ ನಿಮ್ಮ ಹೆಸರು ಕೇಸಿನಿಂದ ಪೂರ್ತಿ ಹೋಗಲ್ಲ. ಅಂಗಡಿ ನಿಮ್ಮ ಹೆಸರಲ್ಲಿದೆ. ಕೋರ್ಟಿಗೆ ಬರಬೇಕಾಗುತ್ತೆ."

"ಬರ್ತೀನಿ. ಬರೀರಿ."

ಅವನು ಬರೆದದ್ದನ್ನು ಅವಳು ಎರಡು ಸಲ ಓದಿದಳು. ಒಂದು ಕಡೆ ತಮ್ಮನ ಹೆಸರಿನಲ್ಲಿ ಅಕ್ಷರ ತಪ್ಪಿದ್ದುದನ್ನು ತಿದ್ದಿಸಿ, ಪ್ರತಿ ಹಾಳೆಯ ಕೆಳಗೂ ಸಹಿ ಹಾಕಿದಳು. ಭೀಮೇಶ್ ಹಾಳೆಗಳನ್ನು ಜೋಡಿಸಿ ಪಿನ್ನು ಚುಚ್ಚಿದ.

"ನಿಮ್ಮ ಕಡೆಯೋರು ಯಾರಾದ್ರೂ ಇದ್ರೆ ಫೋನ್ ನಂಬರ್ ಕೊಡಿ ಅಮ್ಮ. ಇಂಥಾ ವಿಷಯ ಮನೆಯವರಿಗೆ ಒಂದು ಮಾತು ತಿಳಿಸೋದು ಪದ್ಧತಿ."

"ಯಾರಿಗೆ ತಿಳಿಸ್ತೀರಿ ಸಾರ್?" ಎಂದಳು ಮೇಘಶ್ರೀ. "ಎರಡೂ ಮನ್ಯಾಗೆ ಎಲ್ಲಾರಿಗೂ ಮೊದ್ಲಿಂದ ಗೊತ್ತಿತ್ತು. ತಿಳಿಸೋದು ಬಾಕಿ ಇದ್ದದ್ದು ನನಗೊಬ್ಬಳಿಗೇ."